ಎಲ್ಲರೂ ಹೌದು ಅಂದಾಗ ನನ್ನ ಬಾಯಲ್ಲೂ ಹೌದು ಯಾಕೆ ಬಂತು?

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರವಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೇರೆ ಬೇರೆ ಊರು, ಬೇರೆ ಬೇರೆ ವಯಸ್ಸು, ಆದರೆ ಒಳಗಿನ ಕಸಿವಿಸಿ ಒಂದೇ. ಎಲ್ಲರೂ ಒಂದು ಕಡೆ ಹೊರಟಾಗ ನಾನೂ ಯಾಕೆ ಹಿಂದೆ ಹೋದೆ? ಹಾಗಾಗಿ ಈ ಸಂಚಿಕೆಯಲ್ಲಿ ನನಗೆ ಸಿಕ್ಕ ಜಾಗವನ್ನೆಲ್ಲ ಇದೊಂದಕ್ಕೇ ಕೊಡುತ್ತಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಪ್ರತಿ ಪತ್ರದ ಕೊನೆಗೆ ಊರು ಮಾತ್ರ ಇದೆ, ಅದರ ಕೆಳಗೆ ನನ್ನ ಉತ್ತರ.

ನಾನು ಬಿ.ಕಾಂ. ಓದಿದವಳು. ನಮ್ಮೂರಿನ ಮಹಿಳಾ ಸಂಘದಲ್ಲಿ 14 ಜನ ಇದ್ದೇವೆ. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಹೋದ ತಿಂಗಳು ಲೆಕ್ಕ ಓದುವಾಗ ನಾಲ್ಕು ವಾರದ ಉಳಿತಾಯ 2,300 ಅಂದರು. 2,800 ಆಗಬೇಕಿತ್ತು. ‘ಸರಿ ಐತೇನ್ರವ್ವಾ?’ ಅಂತ ಕೇಳಿದಾಗ ಒಬ್ಬೊಬ್ಬರಾಗಿ ‘ಸರಿ ಐತಿ’ ಅಂದರು. ನನ್ನ ಸರದಿ ಬಂದಾಗ ನಾನೂ ‘ಸರಿ’ ಅಂದೆ. ನಡಾವಳಿ ಪುಸ್ತಕಕ್ಕೆ ಸಹಿಯನ್ನೂ ಹಾಕಿದೆ. ಮನೆಗೆ ಬಂದ ಮೇಲೆ ಅಳು ತಡೆಯಲಾಗಲಿಲ್ಲ. ನನಗೇನಾಗಿತ್ತು ಸರ್? – ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ

ತಂಗಿ, ನಿಮಗೇನೂ ಆಗಿರಲಿಲ್ಲ. ನಿಮ್ಮ ಲೆಕ್ಕವೂ ಸರಿ, ತಲೆಯೂ ಸರಿ. ಆ ಜಾಗದಲ್ಲಿ ಕೂತರೆ ನಮ್ಮಲ್ಲಿ ಹೆಚ್ಚಿನವರಿಗೆ ಆಗುವುದೇ ನಿಮಗೂ ಆಯಿತು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಎಪ್ಪತ್ತು ವರ್ಷಗಳ ಹಿಂದೆಯೇ ಒಬ್ಬರು ಇದನ್ನು ಅಳೆದು ತೋರಿಸಿದ್ದಾರೆ.

ಅವರು ಸೋಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ. ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದವರು. 1950ರ ದಶಕದಲ್ಲಿ ಅವರು ಮಾಡಿದ ಪ್ರಯೋಗ ತುಂಬಾ ಸರಳ. ಒಂದು ಕಾರ್ಡಿನ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು ಗೆರೆ. ಆ ಮೂರರಲ್ಲಿ ಮೊದಲ ಗೆರೆಯಷ್ಟೇ ಉದ್ದ ಇರುವುದು ಯಾವುದು ಅಂತ ಜೋರಾಗಿ ಹೇಳಬೇಕು. ಒಬ್ಬರೇ ಕೂತು ಹೇಳಿದಾಗ ನೂರಕ್ಕೆ ಒಂದು ಉತ್ತರವೂ ತಪ್ಪುತ್ತಿರಲಿಲ್ಲ, ಅಷ್ಟು ಸುಲಭ. ಆದರೆ ಕೋಣೆಯಲ್ಲಿ ಏಳೆಂಟು ಜನ ಕೂತಿರುತ್ತಿದ್ದರು, ಅವರಲ್ಲಿ ಒಬ್ಬ ಮಾತ್ರ ನಿಜವಾಗಿ ಪರೀಕ್ಷೆಗೆ ಬಂದವನು, ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಒಂದೇ ತಪ್ಪು ಉತ್ತರ ಹೇಳುವವರು, ಮತ್ತು ಈ ಪಾಪದವನ ಸರದಿ ಬರುತ್ತಿದ್ದುದು ಹೆಚ್ಚುಕಡಿಮೆ ಕೊನೆಯಲ್ಲಿ. ನಿಮ್ಮ ಹಾಗೆಯೇ.

ಒಟ್ಟು 18 ಸುತ್ತು. ಅದರಲ್ಲಿ 12 ಸುತ್ತು ಗುಂಪು ಬೇಕಂತಲೇ ತಪ್ಪು ಹೇಳುತ್ತಿತ್ತು. ಆ 12 ಸುತ್ತುಗಳಲ್ಲಿ ಬಂದ ಉತ್ತರಗಳಲ್ಲಿ ನೂರಕ್ಕೆ ಸುಮಾರು 37 ಗುಂಪಿನ ತಪ್ಪನ್ನೇ ಹೇಳಿದವು. ನಾಲ್ವರಲ್ಲಿ ಮೂವರು ಒಂದು ಸಲವಾದರೂ ಗುಂಪಿನ ಜೊತೆ ಹೋದರು. ಗೆರೆಗಳ ವ್ಯತ್ಯಾಸ ಬರೀ ಕೂದಲೆಳೆಯಷ್ಟಲ್ಲ, ಮುಕ್ಕಾಲು ಇಂಚಿನಿಂದ ಒಂದೂಮುಕ್ಕಾಲು ಇಂಚಿನವರೆಗೆ! ಕಣ್ಣಿಗೆ ರಾಚುವಂಥ ವ್ಯತ್ಯಾಸ. ನಿಮ್ಮ 500 ರೂಪಾಯಿಯ ಹಾಗೆ.

ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಇದನ್ನು ತರಗತಿಯಲ್ಲಿ ಒಮ್ಮೆ ಮಾಡಿ ನೋಡಿದ್ದೆ. ಕಾಗದದ ಪಟ್ಟಿಗಳನ್ನು ಕತ್ತರಿಸಿ ಕಪ್ಪು ಹಲಗೆಗೆ ಅಂಟಿಸಿದ್ದೆ. ಎರಡು ಬೆಂಚಿನ ಮಕ್ಕಳಿಗೆ ಮೊದಲೇ ಹೇಳಿಟ್ಟಿದ್ದೆ. ಕೊನೆಯಲ್ಲಿ ಕೂತಿದ್ದ ಹುಡುಗಿಗೆ ಮಾತ್ರ ಗೊತ್ತಿರಲಿಲ್ಲ. ಮೊದಲ ಹುಡುಗ ತಪ್ಪು ಹೇಳಿದಾಗ ಅವಳು ನಕ್ಕಳು. ಎರಡನೆಯವಳು ಅದನ್ನೇ ಹೇಳಿದಾಗ ನಗು ನಿಂತಿತು. ನಾಲ್ಕನೆಯವನ ಹೊತ್ತಿಗೆ ಕನ್ನಡಕ ತೆಗೆದು ದುಪಟ್ಟಾದ ಅಂಚಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ಅವಳ ಸರದಿ ಬಂದಾಗ ಹಲಗೆ ನೋಡಲೇ ಇಲ್ಲ, ಪಕ್ಕದವರ ಮುಖ ನೋಡಿ ಸಣ್ಣ ದನಿಯಲ್ಲಿ ಅವರ ಉತ್ತರವನ್ನೇ ಹೇಳಿದಳು. ಆಮೇಲೆ ವಿಷಯ ತಿಳಿಸಿ, ಯಾಕಮ್ಮ ಹಾಗೆ ಹೇಳಿದೆ ಅಂತ ಕೇಳಿದರೆ, ‘ಕನ್ನಡಕದ ನಂಬರ್ ಬದಲಾಗಿರಬೇಕು ಅಂದ್ಕೊಂಡೆ ಸರ್’ ಅಂದಳು. ಎಲ್ಲರ ಮುಂದೆ ಅವಳ ಕ್ಷಮೆ ಕೇಳಿದೆ. ಆ ಪ್ರಯೋಗವನ್ನು ಮತ್ತೆ ಯಾವತ್ತೂ ಮಾಡಲಿಲ್ಲ.

ಆಶ್ ಅವರಿಗೆ ಸಿಕ್ಕ ಉತ್ತರಗಳೂ ಹೆಚ್ಚುಕಡಿಮೆ ಇವೇ. ಕೆಲವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬಂತು. ಕೆಲವರಿಗೆ ಗುಂಪು ತಪ್ಪು ಅಂತ ಗೊತ್ತಿತ್ತು, ಆದರೂ ಬೇರೆಯಾಗಿ ಕಾಣಲು ಮನಸ್ಸಾಗಲಿಲ್ಲ. ಇನ್ನೂ ಕೆಲವರು ತಮ್ಮಲ್ಲೇ ಏನೋ ಕೊರತೆ ಇದೆ, ಅದು ಯಾರಿಗೂ ತಿಳಿಯಬಾರದು ಅಂತ ಮುಚ್ಚಿಟ್ಟುಕೊಳ್ಳಲು ನೋಡಿದರು. 1955ರಲ್ಲಿ ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇಂಥ ಎಳೆತಗಳನ್ನು ಎರಡಾಗಿ ಬಿಡಿಸಿ ತೋರಿಸಿದರು. ಒಂದು, ‘ಇಷ್ಟು ಜನಕ್ಕೆ ಗೊತ್ತಿರುತ್ತೆ, ನನಗೇ ಗೊತ್ತಿಲ್ಲ’ ಅನ್ನುವುದು. ಇನ್ನೊಂದು, ‘ಇವರೆಲ್ಲ ನನ್ನ ಬಗ್ಗೆ ಏನಂದುಕೊಳ್ಳುತ್ತಾರೋ’ ಅನ್ನುವುದು. ನಿಮಗೆ ಎರಡನೆಯದೇ ಜಾಸ್ತಿ ಇತ್ತು ಅನಿಸುತ್ತೆ. ನಾಳೆ ನಲ್ಲಿ ಹತ್ತಿರ, ಹಾಲಿನ ಡೈರಿ ಹತ್ತಿರ ಮುಖ ನೋಡಬೇಕಾದವರು ಅವರೇ ಅಲ್ವಾ.

ಈಗ ನಿಮಗೆ ಕೆಲಸಕ್ಕೆ ಬರುವ ಮಾತಿಗೆ ಬರುತ್ತೇನೆ. ಆಶ್ ಗುಂಪಿನ ಗಾತ್ರವನ್ನೂ ಬದಲಾಯಿಸಿ ನೋಡಿದರು. ಎದುರು ಒಬ್ಬನೇ ಇದ್ದರೆ ಯಾರೂ ಹೆಚ್ಚು ಬಗ್ಗುತ್ತಿರಲಿಲ್ಲ. ಇಬ್ಬರಾದರೆ ನೂರಕ್ಕೆ 13–14 ತಪ್ಪು, ಮೂವರಾದರೆ ಸುಮಾರು 32. ಅದಕ್ಕಿಂತ ಜಾಸ್ತಿ ಜನ ಸೇರಿಸಿದರೂ ದೊಡ್ಡ ವ್ಯತ್ಯಾಸವೇನೂ ಬರಲಿಲ್ಲ. ಅಂದರೆ 13 ಜನ ಬೇಕಾಗಿಲ್ಲ, ನಮ್ಮನ್ನು ಸುಮ್ಮನಾಗಿಸಲು ಮೂವರು ಸಾಕು. ಆದರೆ ಇದರ ಇನ್ನೊಂದು ಮಗ್ಗುಲು ನನಗೆ ಈ ಇಡೀ ಅಧ್ಯಯನದಲ್ಲೇ ಹೆಚ್ಚು ಮುಖ್ಯ ಅನಿಸುವುದು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಆ ಒಬ್ಬ ಸರಿ ಉತ್ತರವನ್ನೇ ಹೇಳಬೇಕು ಅಂತಲೂ ಇರಲಿಲ್ಲ. ಗುಂಪಿನವರು ಹೇಳಿದ್ದು ಬಿಟ್ಟು ಬೇರೆ ಏನೋ ಹೇಳಿದರೂ, ಪಕ್ಕದಲ್ಲಿ ಕೂತವನಿಗೆ ತನ್ನ ಕಣ್ಣನ್ನು ನಂಬುವ ಧೈರ್ಯ ಬರುತ್ತಿತ್ತು.

ಅದಕ್ಕೇ ಕೇಳುತ್ತೇನೆ, ಆ ದಿನ ‘ಸರಿ ಐತಿ’ ಅಂದವರಲ್ಲಿ ತಲೆ ತಗ್ಗಿಸಿ ಹೇಳಿದವರು ಯಾರು, ನೆನಪಿದೆಯಾ? ಒಬ್ಬರಾದರೂ ಇದ್ದೇ ಇರುತ್ತಾರೆ. ಮುಂದಿನ ಸಭೆಗೆ ಮೊದಲು ಅವರ ಮನೆಗೆ ಹೋಗಿ. ಇಬ್ಬರ ಪಾಸ್‌ಬುಕ್ಕನ್ನೂ ಇಟ್ಟುಕೊಂಡು ಕೂಡಿಸಿ. ಸಭೆಯಲ್ಲಿ ‘ತಪ್ಪು ಲೆಕ್ಕ’ ಅನ್ನಬೇಡಿ, ‘ಅಕ್ಕಾ, ಇನ್ನೊಂದ್ಸಲ ಕೂಡಿಸೋಣ’ ಅನ್ನಿ. 500 ಅಂದರೆ ಹತ್ತು ಕಂತು. ಯಾರೋ ಕಟ್ಟದೆ ಬಾಕಿ ಉಳಿದಿರಬಹುದು, ಬರೆಯುವಾಗ ಬಿಟ್ಟುಹೋಗಿರಬಹುದು. ಯಾರ ಮೇಲೂ ಹೊರಿಸಬೇಕಾಗಿಲ್ಲ. ಸಹಿ ಹಾಕಿದ್ದೇನಲ್ಲ ಅಂತಲೂ ಹೆದರಬೇಡಿ, ಹಿಂದಿನ ಲೆಕ್ಕ ತಿದ್ದಿದ್ದನ್ನು ಹೊಸ ನಡಾವಳಿಯಲ್ಲಿ ಬರೆಯಬಹುದು. ನೀವು ಕೇಳಿದ ಕೂಡಲೇ ಆ ಇನ್ನೊಬ್ಬರು ‘ಹೂಂ, ನೋಡೋಣ’ ಅನ್ನಲಿ. ಅಷ್ಟು ಮೊದಲೇ ಮಾತಾಡಿಕೊಂಡಿರಿ.

ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ಭರಮಸಾಗರ ದಾಟಿದ ಮೇಲೆ ಬಸ್ಸಿನಲ್ಲಿ ಸುಟ್ಟ ವಾಸನೆ ಬಂತು. ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಸುತ್ತ ನೋಡಿದೆ, ಎಲ್ಲರೂ ಮೊಬೈಲ್ ನೋಡುತ್ತಿದ್ದರು. ನಾನೂ ಸುಮ್ಮನೆ ಕೂತೆ. ಐದಾರು ನಿಮಿಷ ಆದ ಮೇಲೆ ಹಿಂದಿನ ಸೀಟಿನ ಒಬ್ಬ ಅಜ್ಜಿ ‘ಏಯ್, ಏನೋ ಸುಡ್ತೈತಿ, ನಿಲ್ಸಪ್ಪಾ’ ಅಂತ ಕೂಗಿದರು. ಆಗ ಇಡೀ ಬಸ್ಸೇ ಕೂಗಿತು. ಇಂಜಿನ್ ಹತ್ತಿರ ಒಂದು ವೈರ್ ಕರಗಿತ್ತಂತೆ. ಅಜ್ಜಿಗಿದ್ದ ಬುದ್ಧಿ ನನಗೆ ಯಾಕಿರಲಿಲ್ಲ? – ಚಿತ್ರದುರ್ಗ

ಬುದ್ಧಿ ಇತ್ತು, ಆದರೆ ನೀವು ಸುತ್ತ ನೋಡಿದಿರಿ. ಅಜ್ಜಿ ಬಹುಶಃ ಸುತ್ತ ನೋಡಲಿಲ್ಲ. ವ್ಯತ್ಯಾಸ ಇಷ್ಟೇ.

1968ರಲ್ಲಿ ಬಿಬ್ ಲತಾನೆ ಮತ್ತು ಜಾನ್ ಡಾರ್ಲಿ ಅನ್ನುವವರು ಹೆಚ್ಚುಕಡಿಮೆ ನಿಮ್ಮ ಬಸ್ಸಿನ ಹಾಗಿರುವ ಒಂದು ಕೋಣೆಯನ್ನು ಮಾಡಿದ್ದರು. ಹುಡುಗರು ಕೂತು ಯಾವುದೋ ಫಾರಂ ತುಂಬುತ್ತಿರುತ್ತಾರೆ. ಗೋಡೆಯ ಸಣ್ಣ ಕಿಂಡಿಯಿಂದ ಹೊಗೆ ಬರಲು ಶುರುವಾಗುತ್ತದೆ. ಒಬ್ಬನೇ ಇದ್ದಾಗ ನೂರಕ್ಕೆ 75 ಜನ ಎದ್ದು ಹೋಗಿ ಹೇಳಿದರು. ಪಕ್ಕದಲ್ಲಿ ಏನೂ ಆಗಿಲ್ಲ ಅನ್ನುವಂತೆ ಬರೆಯುತ್ತಾ ಕೂರುವ ಇಬ್ಬರನ್ನು ಕೂರಿಸಿದಾಗ ನೂರಕ್ಕೆ 10 ಜನ ಮಾತ್ರ ಹೇಳಿದರು. ಉಳಿದವರು ಕೆಮ್ಮುತ್ತಾ, ಕಣ್ಣು ಉಜ್ಜಿಕೊಳ್ಳುತ್ತಾ, ಕೈಯಿಂದ ಹೊಗೆ ಸರಿಸುತ್ತಾ ಫಾರಂ ತುಂಬಿದರು! ಆಮೇಲೆ ಕೇಳಿದರೆ, ಸುಮ್ಮನಿದ್ದವರಲ್ಲಿ ಯಾರೂ ಅದು ಬೆಂಕಿ ಅಂದುಕೊಂಡಿರಲಿಲ್ಲವಂತೆ. ಹಬೆ ಅಂದುಕೊಂಡೆ, ಎ.ಸಿ.ಯಿಂದ ಬಂದಿರಬೇಕು ಅಂದುಕೊಂಡೆ ಅಂತೆಲ್ಲ ಹೇಳಿದರು.

ನಡೆಯುವುದು ಏನಂದರೆ, ನಾವು ಬೇರೆಯವರ ಮುಖ ನೋಡುತ್ತೇವೆ, ಆ ಮುಖ ಶಾಂತವಾಗಿ ಕಾಣುತ್ತೆ, ಹಾಗಾದರೆ ಏನೂ ಇಲ್ಲ ಅಂದುಕೊಳ್ಳುತ್ತೇವೆ. ಅದೇ ಹೊತ್ತಿಗೆ ಅವರು ನಮ್ಮ ಮುಖ ನೋಡಿ ಅದನ್ನೇ ಅಂದುಕೊಳ್ಳುತ್ತಿರುತ್ತಾರೆ. ನಿಮ್ಮ ಬಸ್ಸಿನಲ್ಲಿ ಮೊಬೈಲ್ ನೋಡುತ್ತಿದ್ದವರಲ್ಲಿ ಎಷ್ಟು ಜನ ಮೂಗು ಅರಳಿಸಿದ್ದರೋ! ಅಜ್ಜಿ ಕೂಗಿದ ಕೂಡಲೇ ಎಲ್ಲರೂ ಕೂಗಿದ್ದೇ ಅದಕ್ಕೆ ಸಾಕ್ಷಿ. ಅವರಿಗೆಲ್ಲ ವಾಸನೆ ಅದೇ ಕ್ಷಣದಲ್ಲಿ ಬಂದಿದ್ದಲ್ಲ, ಮೊದಲೇ ಬಂದಿತ್ತು.

ಹಾಗಾಗಿ ಇನ್ನೊಂದು ಸಲ ಇಂಥದ್ದಾದರೆ ಎದ್ದು ಡ್ರೈವರ್ ಹತ್ತಿರ ಓಡಬೇಕು ಅಂತಿಲ್ಲ. ಪಕ್ಕದವರನ್ನು ‘ನಿಮಗೂ ವಾಸನೆ ಬರ್ತಾ ಇದೆಯಾ?’ ಅಂತ ಜೋರಾಗಿ ಕೇಳಿ. ಅಷ್ಟು ಸಾಕು. ಆ ಅಜ್ಜಿ ಮತ್ತೆ ಸಿಕ್ಕರೆ ನನ್ನ ನಮಸ್ಕಾರ ಹೇಳಿ.

ಒಂದು ಬೆಣ್ಣೆ ದೋಸೆ ಹೋಟೆಲ್ ಮುಂದೆ ಜನವೋ ಜನ, ಪಕ್ಕದ್ದು ಖಾಲಿ. ನಾವೂ ಹೋಗಿ ಜನ ಇರುವಲ್ಲೇ ನಿಲ್ಲುತ್ತೇವೆ. ಇದು ಕುರಿ ಮಂದೆ ಬುದ್ಧಿ ತಾನೆ? – ಹರಿಹರ

ಪೂರ್ತಿ ಹಾಗೆ ಅನ್ನಲಾರೆ. ಹೊಸ ಊರಿಗೆ ಹೋದಾಗ ಜನ ಎಲ್ಲಿ ತಿನ್ನುತ್ತಾರೆ ಅಂತ ನೋಡುವುದು ಜಾಣತನವೇ. ಕಾವಲಿ ಬಿಸಿ ಆರಿರುವುದಿಲ್ಲ, ಹಿಟ್ಟು ಹಳೆಯದಾಗಿರುವುದಿಲ್ಲ, ಬೆಣ್ಣೆ ಕರಗುವ ಮೊದಲೇ ದೋಸೆ ತಟ್ಟೆಗೆ ಬಂದಿರುತ್ತೆ.

ಆದರೆ ಆ ಸಾಲು ಹೇಗೆ ಹುಟ್ಟಿತು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅರ್ಥಶಾಸ್ತ್ರದ ನೊಬೆಲ್ ಪಡೆದ ನಮ್ಮ ಅಭಿಜಿತ್ ಬ್ಯಾನರ್ಜಿ 1992ರಲ್ಲಿ ಒಂದು ಲೇಖನ ಬರೆದರು. ಅದರಲ್ಲಿ ಅವರು ಕೊಟ್ಟ ಉದಾಹರಣೆ ಕೂಡ ಅಕ್ಕಪಕ್ಕದ ಎರಡು ಹೋಟೆಲುಗಳದ್ದೇ. ನೂರು ಜನರಲ್ಲಿ 99 ಜನಕ್ಕೆ ಎರಡನೇ ಹೋಟೆಲ್ ಚೆನ್ನಾಗಿದೆ ಅಂತ ಸುಳಿವು ಸಿಕ್ಕಿದೆ, ಒಬ್ಬನಿಗೆ ಮಾತ್ರ ಮೊದಲನೆಯದು ಅಂತ. ಆದರೆ ಆ ಒಬ್ಬನೇ ಮೊದಲು ಬಂದು ಮೊದಲನೆಯದಕ್ಕೆ ಹೋಗಿ ಕೂತುಬಿಟ್ಟ. ಎರಡಕ್ಕೂ ಜನರಲ್ಲಿದ್ದ ಒಳ್ಳೆಯ ಹೆಸರು ಹೆಚ್ಚುಕಡಿಮೆ ಅಷ್ಟೇ, ಮೊದಲನೆಯದಕ್ಕೆ ಕೂದಲೆಳೆಯಷ್ಟು ಜಾಸ್ತಿ. ಎರಡನೆಯವನು ‘ನನಗೆ ತಿಳಿದಿದ್ದು ಬೇರೆ, ಆದರೆ ಇವನಿಗೆ ಏನೋ ಗೊತ್ತಿರಬೇಕು’ ಅಂದುಕೊಂಡು ಅಲ್ಲೇ ಹೋದ. ಮೂರನೆಯವನಿಗೆ ಕಂಡಿದ್ದು ಇಬ್ಬರು. ಹೀಗೆ ನೂರೂ ಜನ ಅಲ್ಲೇ ಸೇರಿದರು. ಯಾರೂ ದಡ್ಡರಲ್ಲ. ಪ್ರತಿಯೊಬ್ಬರೂ ಯೋಚನೆ ಮಾಡಿಯೇ ಹೋದರು, ಆದರೆ ಒಬ್ಬರೂ ತಮಗೆ ಗೊತ್ತಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ.

ದೋಸೆಯಾದರೆ ಹೋಗಲಿ, ನಾಳೆ ಬೇರೆ ಕಡೆ ತಿಂದರಾಯಿತು. ಮುಂದಿನ ಪತ್ರ ನೋಡಿ.

ನಮ್ಮೂರಲ್ಲಿ ಎಲ್ಲರೂ ಅಡಿಕೆ ಹಾಕಿದ್ದಾರೆ. ನಮ್ಮದು ರಾಗಿ, ಮೆಕ್ಕೆಜೋಳ ಬೆಳೆಯುವ ಖುಷ್ಕಿ ಜಮೀನು. ಎರಡು ಬೋರ್ ಫೇಲ್ ಆಗಿವೆ. ಈಗ ಅಪ್ಪ ಸಾಲ ಮಾಡಿ ಮೂರನೇ ಬೋರ್ ಕೊರೆಸಿ ಅಡಿಕೆ ಸಸಿ ಇಡಬೇಕು ಅಂತ ಹಟ ಹಿಡಿದಿದ್ದಾರೆ. ಯಾಕೆ ಅಂದರೆ ‘ಊರೆಲ್ಲ ಹಾಕೈತಿ, ನಾವೊಬ್ರೇ ದಡ್ರೇನು’ ಅನ್ನುತ್ತಾರೆ. ಅವರಿಗೆ ಹೇಗೆ ಹೇಳಲಿ? – ಹೊಳಲ್ಕೆರೆ ತಾಲ್ಲೂಕು

ತಮ್ಮಾ, ನಿನ್ನ ಪತ್ರವನ್ನು ನಾನು ಮೂರು ಸಲ ಓದಿದೆ. ಇದರಲ್ಲಿ ಒಂದು ಮನೆಯ ಹತ್ತು ವರ್ಷದ ಬದುಕು ಇದೆ.

ಮೊದಲು ಅಪ್ಪನನ್ನು ಅರ್ಥ ಮಾಡಿಕೊಳ್ಳೋಣ. ಭೂಮಿಯ ಕೆಳಗೆ ಎಷ್ಟು ನೀರಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಕೊರೆಸುತ್ತೇವೆ, ಕೆಲವರಿಗೆ ಬೀಳುತ್ತೆ, ಕೆಲವರಿಗೆ ಬರೀ ದೂಳು. ಇಂಥ ಕತ್ತಲಲ್ಲಿ ಮನುಷ್ಯ ಏನು ಮಾಡುತ್ತಾನೆ ಅಂತ ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರೀಫ್ 1935ರಲ್ಲೇ ತೋರಿಸಿದ್ದರು. ಪೂರ್ತಿ ಕತ್ತಲ ಕೋಣೆ, ದೂರದಲ್ಲಿ ಒಂದೇ ಒಂದು ಬೆಳಕಿನ ಚುಕ್ಕಿ. ಚುಕ್ಕಿ ಅಲ್ಲಾಡುವುದಿಲ್ಲ, ಆದರೆ ಸುತ್ತ ಬೇರೇನೂ ಕಾಣದಿರುವುದರಿಂದ ಕಣ್ಣಿಗೆ ಅಲ್ಲಾಡಿದಂತೆ ಅನಿಸುತ್ತೆ. ಎಷ್ಟು ಇಂಚು ಸರಿಯಿತು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಟ್ಟಿಗೆ ಕೂರಿಸಿ ಕೇಳಿದಾಗ ಸುತ್ತು ಸುತ್ತಿಗೂ ಉತ್ತರಗಳು ಹತ್ತಿರ ಬರುತ್ತಾ ಒಂದೇ ಆಗುತ್ತಿದ್ದವು. ಆಮೇಲೆ ಒಬ್ಬರನ್ನೇ ಕೂರಿಸಿದರೂ ಅವರು ಗುಂಪಿನ ಲೆಕ್ಕವನ್ನೇ ಹೇಳುತ್ತಿದ್ದರು. ಅದು ತಮ್ಮದೇ ಲೆಕ್ಕ ಅನ್ನುವಷ್ಟು ಒಳಗೆ ಇಳಿದಿತ್ತು.

ನಿಮ್ಮ ಅಪ್ಪ ನಾಚಿಕೆಗೆ ಅಂಜಿ ಊರಿನ ಜೊತೆ ಹೋಗುತ್ತಿಲ್ಲ. ಅವರಿಗೆ ನಿಜವಾಗಿಯೂ ಊರು ಸರಿ ಅನಿಸುತ್ತಿದೆ. ಅದಕ್ಕೇ ‘ಎಲ್ಲರ ಹಾಗೆ ಯಾಕೆ ಮಾಡ್ತೀಯ’ ಅಂತ ಜಗಳ ಮಾಡಿದರೆ ಪ್ರಯೋಜನವಿಲ್ಲ. ಅವರಿಗೆ ಬೇಕಾಗಿರುವುದು ಬೈಗುಳ ಅಲ್ಲ, ಮಾಹಿತಿ.

ಈಗ ಇದನ್ನು ಯೋಚನೆ ಮಾಡು. ಅಡಿಕೆ ಫಸಲು ಕೊಡಲು ಐದಾರು ವರ್ಷ ಬೇಕು. ನಿಮ್ಮೂರಿನ ತೋಟಗಳಲ್ಲಿ ಎಷ್ಟು ಗೊನೆ ಕೊಯ್ದಿವೆ, ಎಷ್ಟು ಇನ್ನೂ ಮೊಣಕಾಲುದ್ದ ಇವೆ? ಹೆಚ್ಚಿನವು ಮೂರು ವರ್ಷದ ಒಳಗಿನ ಸಸಿಗಳಾದರೆ, ಅವು ಅಡಿಕೆಯಿಂದ ಲಾಭ ಇದೆ ಅಂತ ಹೇಳುತ್ತಿಲ್ಲ, ಅವರೂ ಪಕ್ಕದವರನ್ನು ನೋಡಿ ಹಾಕಿದ್ದಾರೆ ಅಂತ ಮಾತ್ರ ಹೇಳುತ್ತಿವೆ. ಐವತ್ತು ತೋಟ ಕಂಡರೂ ಅದರ ಹಿಂದಿರುವ ನಿಜವಾದ ಅನುಭವ ಮೂರೋ ನಾಲ್ಕೋ ಮನೆಯದಿರಬಹುದು. ಮತ್ತು ಕೊರೆಸಿ ನೀರು ಬೀಳದವರ ಹೊಲ ದಾರಿಯಲ್ಲಿ ಹೋಗುವವರಿಗೆ ಕಾಣುವುದೇ ಇಲ್ಲ. ಕೇಸಿಂಗ್ ಪೈಪಿನ ಬಾಯಿಗೆ ಕಲ್ಲು ಮುಚ್ಚಿಟ್ಟು ಅವರು ಸುಮ್ಮನಾಗಿರುತ್ತಾರೆ.

ಅಪ್ಪನನ್ನು ಕರೆದುಕೊಂಡು ನಾಲ್ಕು ಮನೆಗೆ ಹೋಗು. ಇಬ್ಬರು ಮೊದಲು ಹಾಕಿ ಫಸಲು ನೋಡಿದವರು, ಇಬ್ಬರು ಕೊರೆಸಿ ಸೋತವರು. ಎಷ್ಟು ಅಡಿಗೆ ನೀರು ಬಿತ್ತು, ಮೊದಲು ಎಷ್ಟು ಇಂಚಿತ್ತು, ಈ ಬೇಸಿಗೆಯಲ್ಲಿ ಎಷ್ಟಿದೆ, ಟ್ಯಾಂಕರ್ ಹೊಡೆಸಿದ್ದಾರಾ, ಬಡ್ಡಿ ಎಷ್ಟು ಕಟ್ಟುತ್ತಿದ್ದಾರೆ. ನೀನು ಕೇಳಬೇಡ, ಅಪ್ಪನೇ ಕೇಳಲಿ. ನೀನು ಪಕ್ಕದಲ್ಲಿ ಕೂತು ಒಂದು ಹಾಳೆಯಲ್ಲಿ ಬರೆದುಕೋ. ಅಷ್ಟಾದ ಮೇಲೂ ಅಡಿಕೆಯೇ ಸರಿ ಅನಿಸಿದರೆ ಹಾಕಲಿ, ಆಗ ಅದು ಅವರದೇ ತೀರ್ಮಾನ. ಆದರೆ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಬೀಳುವ ಮೊದಲು ಈ ನಾಲ್ಕು ಮನೆ ಆಗಲೇಬೇಕು. ದಯವಿಟ್ಟು.

ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ. ಸ್ನೇಹಿತನ ಹುಟ್ಟಿದಹಬ್ಬ ಅಂತ ರೂಮಿನಲ್ಲಿ ಕುಡಿದಿದ್ದಾನೆ. ಕೇಳಿದರೆ ‘ಎಲ್ಲರೂ ಕುಡಿದ್ರು ಅಮ್ಮ, ನಾನೊಬ್ಬನೇ ಮಂಡಕ್ಕಿ ತಿಂತಾ ಕೂರೋಕಾಗುತ್ತಾ’ ಅನ್ನುತ್ತಾನೆ. ನನಗೆ ಕೈಕಾಲೇ ಆಡುತ್ತಿಲ್ಲ. – ಚಳ್ಳಕೆರೆ

ಅಮ್ಮಾ, ಅವನು ನಿಮಗೆ ನಿಜ ಹೇಳಿದ್ದಾನೆ. ಅದು ಸಣ್ಣ ವಿಷಯವಲ್ಲ. ಆ ಬಾಗಿಲು ಮುಚ್ಚಿಕೊಳ್ಳುವ ಹಾಗೆ ಬೈಯಬೇಡಿ. ‘ಅವರೆಲ್ಲ ಬಾವಿಗೆ ಬಿದ್ರೆ ನೀನೂ ಬೀಳ್ತೀಯಾ’ ಅಂತ ನಮ್ಮ ಕಾಲದಿಂದ ಎಲ್ಲ ತಾಯಂದಿರೂ ಕೇಳಿದ್ದಾರೆ, ಅದರಿಂದ ಯಾವ ಮಗನೂ ಬದಲಾಗಿದ್ದನ್ನು ನಾನು ಕಂಡಿಲ್ಲ.

ಅವನಿಗೆ ಇದನ್ನು ಹೇಳಿ. 1993ರಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಅನ್ನುವವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕುಡಿತದ ಬಗ್ಗೆ ಕೇಳಿದರು. ನಿನಗೆ ಇದೆಲ್ಲ ಎಷ್ಟು ಸರಿ ಅನಿಸುತ್ತೆ, ಉಳಿದವರಿಗೆ ಎಷ್ಟು ಸರಿ ಅನಿಸುತ್ತೆ ಅಂದುಕೊಂಡಿದ್ದೀಯ? ತನಗೆ ಅಷ್ಟು ಹಿಡಿಸುವುದಿಲ್ಲ, ಉಳಿದವರಿಗೆ ಮಾತ್ರ ಪರವಾಗಿಲ್ಲ ಅಂತಲೇ ಹೆಚ್ಚಿನವರ ನಂಬಿಕೆಯಾಗಿತ್ತು. ಎಲ್ಲರೂ ಹಾಗೆ ಹೇಳಿದರೆ ಆ ‘ಉಳಿದವರು’ ಯಾರು? ಬೇಸರದ ಸಂಗತಿ ಏನಂದರೆ, ತಿಂಗಳುಗಳು ಕಳೆದಂತೆ ಹುಡುಗರ ಸ್ವಂತ ಮನಸ್ಸೂ ಆ ಸುಳ್ಳು ‘ಉಳಿದವರ’ ಕಡೆಗೇ ಸರಿಯಿತು.

ನಿಮ್ಮ ಮಗನ ರೂಮಿನಲ್ಲೂ ಗ್ಲಾಸು ಕೈಯಲ್ಲಿ ಹಿಡಿದುಕೊಂಡು ಮುಖ ಕಿವುಚಿಕೊಂಡು ಕೂತ ಇನ್ನೊಬ್ಬ ಹುಡುಗ ಖಂಡಿತ ಇದ್ದ. ‘ಅವತ್ತು ಯಾರು ನಿಧಾನಕ್ಕೆ ಕುಡಿದರು? ಯಾರು ಗ್ಲಾಸು ಪಕ್ಕಕ್ಕಿಟ್ಟರು?’ ಅಂತ ಕೇಳಿ. ಅವನಿಗೆ ನೆನಪಾಗುತ್ತೆ. ಮುಂದಿನ ಹುಟ್ಟಿದಹಬ್ಬಕ್ಕೆ ಆ ಹುಡುಗನ ಪಕ್ಕ ಹೋಗಿ ಕೂರು ಅನ್ನಿ. ಇಬ್ಬರು ಕೂತು ಮಿರ್ಚಿ ಮಂಡಕ್ಕಿ ತಿಂದರೆ ಅದಕ್ಕೆ ಯಾರೂ ನಗುವುದಿಲ್ಲ, ಒಬ್ಬನೇ ತಿಂದರೆ ಮಾತ್ರ ನಗುತ್ತಾರೆ ಅಲ್ವಾ.

ನಾಲ್ಕು ಜನ ಮೆಚ್ಚುವಂತೆ ಬದುಕು ಅಂತ ನಮ್ಮ ಹಿರಿಯರು ಹೇಳಿಕೊಟ್ಟರು. ನೀವು ಮನಶ್ಶಾಸ್ತ್ರದವರು ಅದನ್ನು ರೋಗ ಅನ್ನುವಂತೆ ಮಾತಾಡುತ್ತೀರಿ. – ನಿವೃತ್ತ ಅಂಚೆ ನೌಕರರು, ಹಿರಿಯೂರು

ಯಜಮಾನರೇ, ನಿಮ್ಮ ಮಾತಲ್ಲಿ ಸತ್ಯವಿದೆ. ರೋಗ ಅಂತ ನಾನು ಒಪ್ಪುವುದಿಲ್ಲ. ಸರದಿ ಸಾಲಲ್ಲಿ ನಿಲ್ಲುವುದು, ಜಾತ್ರೆಯಲ್ಲಿ ತೇರು ಎಳೆಯುವಾಗ ಎಲ್ಲರ ಜೊತೆ ಹಗ್ಗಕ್ಕೆ ಕೈ ಹಾಕುವುದು, ಸಾವಿನ ಮನೆಗೆ ಹೇಳದೆಯೇ ಹೋಗುವುದು, ಇದೆಲ್ಲ ನಾಲ್ಕು ಜನರಿಂದಲೇ ಕಲಿತದ್ದು. 1996ರಲ್ಲಿ ರಾಡ್ ಬಾಂಡ್ ಮತ್ತು ಪೀಟರ್ ಸ್ಮಿತ್ ಅನ್ನುವ ಸಂಶೋಧಕರು 17 ದೇಶಗಳಲ್ಲಿ ನಡೆದ, ಆಶ್ ಮಾದರಿಯ 133 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಮುದಾಯಕ್ಕೆ ಬೆಲೆ ಕೊಡುವ ದೇಶಗಳಲ್ಲಿ ಗುಂಪಿನ ಜೊತೆ ಹೋಗುವುದು ಜಾಸ್ತಿ, ಅಮೆರಿಕದಲ್ಲಿ 1950ರ ದಶಕದ ನಂತರ ಅದು ಕಡಿಮೆಯಾಗುತ್ತಾ ಬಂದಿದೆ. ಅದನ್ನು ದೌರ್ಬಲ್ಯ ಅಂತಲೇ ಓದಬೇಕಾಗಿಲ್ಲ. ಎಲ್ಲರ ಮುಂದೆ ಇನ್ನೊಬ್ಬರ ಮುಖ ಕೆಡಿಸಬಾರದು ಅನ್ನುವ ಸೌಜನ್ಯವೂ ಅದರಲ್ಲಿರುತ್ತದೆ.

ನನ್ನ ತಕರಾರು ಒಂದೇ. ಆ ನಾಲ್ಕು ಜನ ನಿಜವಾಗಿ ಏನು ಮೆಚ್ಚುತ್ತಾರೆ ಅಂತ ನಾವು ಅವರನ್ನು ಕೇಳಿರುವುದೇ ಇಲ್ಲ. ಮದುವೆಗೆ ಸಾಲ ಮಾಡಿ ಸಾವಿರ ಜನಕ್ಕೆ ಊಟ ಹಾಕುವ ಮನೆಯವರಿಗೂ ಅದು ಬೇಡ, ಉಂಡು ಹೋಗುವ ನಮಗೂ ಬೇಡ, ಆದರೂ ಹಾಕುತ್ತೇವೆ. ಇಲ್ಲಿ ಹಿರಿಯರೇ ಮೊದಲು ಬಾಯಿಬಿಟ್ಟರೆ ಕಿರಿಯರಿಗೆ ಎಷ್ಟು ಹಗುರಾಗುತ್ತೆ! ನಿಮ್ಮಂಥವರು ‘ನಮ್ಮನೆ ಮದುವೆ ಇಷ್ಟೇ’ ಅಂದರೆ ಯಾರೂ ನಗುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ‘ಅರ್ಥ ಆಯ್ತಾ?’ ಅಂದರೆ ಇಡೀ ತರಗತಿ ‘ಆಯ್ತು ಸಾರ್’ ಅನ್ನುತ್ತೆ. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಖಾಲಿ. ಮಕ್ಕಳು ಸುಳ್ಳು ಹೇಳುತ್ತಾರಾ? – ಜಗಳೂರು

ಸುಳ್ಳಲ್ಲ ಮೇಷ್ಟ್ರೇ, ಸಂಕೋಚ. ಪ್ರತಿ ಮಗುವೂ ‘ನನಗೊಬ್ಬನಿಗೇ ತಿಳಿದಿಲ್ಲ’ ಅಂದುಕೊಂಡು ಕೂತಿರುತ್ತೆ. ದೊಡ್ಡವರೂ ಅಷ್ಟೇ. 1987ರ ಒಂದು ಅಧ್ಯಯನದಲ್ಲಿ ಕಾಲೇಜಿನವರಿಗೆ ಬೇಕಂತಲೇ ಅರ್ಥವಾಗದ ಹಾಗೆ ಬರೆದ ಲೇಖನ ಕೊಟ್ಟು, ತಿಳಿಯದಿದ್ದರೆ ಬಂದು ಕೇಳಿ ಅಂದಿದ್ದರು. ಯಾರೂ ಬರಲಿಲ್ಲ. ತಾವು ನಾಚಿಕೆಯಿಂದ ಸುಮ್ಮನಿದ್ದೇವೆ, ಉಳಿದವರು ಅರ್ಥವಾಗಿದ್ದಕ್ಕೆ ಸುಮ್ಮನಿದ್ದಾರೆ ಅಂತ ಅವರ ಎಣಿಕೆ.

ನಾಲ್ಕು ವರ್ಷದ ಮಕ್ಕಳ ಮೇಲೂ 2011ರಲ್ಲಿ ಒಂದು ಅಧ್ಯಯನ ಬಂತು. ಎಲ್ಲರ ಮುಂದೆ ಜೋರಾಗಿ ಹೇಳಬೇಕಾದಾಗ ಆ ಪುಟಾಣಿಗಳು ಎಷ್ಟೋ ಸಲ ಉಳಿದ ಮಕ್ಕಳ ತಪ್ಪನ್ನೇ ಹೇಳುತ್ತಿದ್ದವು. ಯಾರಿಗೂ ಕೇಳದ ಹಾಗೆ ಬೆರಳು ತೋರಿಸು ಅಂದಾಗ ಸರಿಯಾದದ್ದನ್ನೇ ತೋರಿಸುವುದು ಜಾಸ್ತಿಯಾಯಿತು. ಆಶ್ ಕೂಡ ಉತ್ತರವನ್ನು ಬರೆದುಕೊಡಿ ಅಂದಾಗ ತಪ್ಪುಗಳು ತುಂಬಾ ಕಡಿಮೆಯಾಗಿದ್ದವು.

ಹಾಗಾಗಿ ‘ಅರ್ಥ ಆಯ್ತಾ’ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಪಾಠ ಮುಗಿಯಲು ಐದು ನಿಮಿಷ ಇರುವಾಗ ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಬೇಡ. ಲೆಕ್ಕ ಎಷ್ಟನೇ ಸಾಲಿನಲ್ಲಿ ಕೈಬಿಟ್ಟಿತು ಅಂತ ಆ ಸಾಲಿನ ನಂಬರ್ ಮಾತ್ರ ಬರೆಯಲಿ. ಮಡಚಿ ಒಂದು ಡಬ್ಬಿಗೆ ಹಾಕಲಿ. ಮರುದಿನ ಚೀಟಿಗಳನ್ನು ಅವರ ಮುಂದೆಯೇ ಬಿಡಿಸಿ, ಹಲಗೆಯ ಮೇಲೆ ಯಾವ ಸಾಲಿಗೆ ಎಷ್ಟು ಚೀಟಿ ಅಂತ ಬರೆಯಿರಿ. ಮೂರನೇ ಸಾಲಿನ ಎದುರು ಇಪ್ಪತ್ತು ಗೀಟು ಬಿದ್ದಾಗ ಮಕ್ಕಳ ಮುಖ ನೋಡಿ. ಒಂದು ವಾರ ಮಾಡಿ, ಏನಾಯಿತು ಅಂತ ನನಗೆ ಬರೆದು ತಿಳಿಸಿ.